ಬಿ.ಎ.ಎಂ.ಎಸ್. ಆದ ಮೇಲೆ ವಿದೇಶದ ಓದು: ಓದುಗರ ಪತ್ರಗಳಿಗೆ ಉತ್ತರ

ಆಯುರ್ವೇದ ಪದವೀಧರರಿಂದಲೂ ಅವರ ತಂದೆತಾಯಿಯರಿಂದಲೂ ಈ ಅಂಕಣಕ್ಕೆ ಬರುವ ಪತ್ರಗಳು ಇತ್ತೀಚೆಗೆ ಹೆಚ್ಚಾಗಿವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಕೆಲವನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಮುಧೋಳ ತಾಲ್ಲೂಕಿನವಳು. ಬಾಗಲಕೋಟೆಯಲ್ಲಿ ಬಿ.ಎ.ಎಂ.ಎಸ್. ಮುಗಿಸಿ ಈಗ ಇಂಟರ್ನ್‌ಶಿಪ್‌ನಲ್ಲಿದ್ದೇನೆ. ಇಂಗ್ಲೆಂಡಿನಲ್ಲಾಗಲಿ ಅಮೆರಿಕದಲ್ಲಾಗಲಿ ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಸ್ನಾತಕೋತ್ತರ ಪದವಿ ಮಾಡುವ ಆಸೆಯಿದೆ. ಆದರೆ ನಮ್ಮ ಡಿಗ್ರಿಗೆ ಹೊರದೇಶದಲ್ಲಿ ಮಾನ್ಯತೆಯೇ ಇಲ್ಲವೆಂದು ಹಿರಿಯರು ಹೇಳುತ್ತಾರೆ. ಇದು ನಿಜವೇ? ಅರ್ಜಿಯೊಂದಿಗೆ ವಿಶ್ವವಿದ್ಯಾಲಯಕ್ಕೆ ಕಳಿಸಲು ನಾನು ಬರೆದ ಉದ್ದೇಶ ಪತ್ರವನ್ನೂ ಲಗತ್ತಿಸಿದ್ದೇನೆ, ದಯವಿಟ್ಟು ಓದಿ ತಿಳಿಸಿ.

ಉತ್ತರ: ಹಿರಿಯರು ಹೇಳಿದ್ದರಲ್ಲಿ ಅರ್ಧ ನಿಜವಿದೆ, ಆ ಅರ್ಧಕ್ಕೆ ಹೆದರಿ ಅನೇಕರು ಅರ್ಜಿಯನ್ನೇ ಹಾಕದೆ ಕೂತುಬಿಡುತ್ತಾರೆ. ರೋಗಿಯನ್ನು ನೋಡುವ ಪರವಾನಗಿ ಬೇರೆ, ವಿಶ್ವವಿದ್ಯಾಲಯದ ಪ್ರವೇಶ ಬೇರೆ. ಪರವಾನಗಿಯನ್ನು ಕೊಡುವುದು ಆಯಾ ದೇಶದ ವೈದ್ಯಕೀಯ ಮಂಡಳಿ, ಅದು ಬಿ.ಎ.ಎಂ.ಎಸ್. ಅನ್ನು ವೈದ್ಯಕೀಯ ಪದವಿ ಎಂದು ಒಪ್ಪುವುದಿಲ್ಲ. ಪ್ರವೇಶವನ್ನು ಕೊಡುವುದು ವಿಶ್ವವಿದ್ಯಾಲಯದ ವಿಭಾಗ, ಅದು ನೋಡುವುದು ನೀವು ಎಷ್ಟು ವರ್ಷ ಓದಿದ್ದೀರಿ, ಏನನ್ನು ಓದಿದ್ದೀರಿ, ಎಷ್ಟು ಚೆನ್ನಾಗಿ ಓದಿದ್ದೀರಿ ಎಂಬುದನ್ನು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಒಟ್ಟು ಹದಿನಾರು ವರ್ಷಗಳ ಓದನ್ನು ಕೇಳುತ್ತವೆ. ಮೂರು ವರ್ಷದ ಬಿ.ಎಸ್ಸಿ. ಮಾಡಿದವರಿಗೆ ಅಲ್ಲಿ ತೊಡಕಾಗುತ್ತದೆ. ಪಿ.ಯು.ಸಿ.ಯ ನಂತರ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಓದಿದ ನಿಮಗೆ ಆ ತೊಡಕಿಲ್ಲ. ಸಾರ್ವಜನಿಕ ಆರೋಗ್ಯದ ತರಗತಿಯಲ್ಲಂತೂ ವೈದ್ಯರ ಪಕ್ಕದಲ್ಲಿ ದಂತವೈದ್ಯರು, ನರ್ಸ್‌ಗಳು, ಸಮಾಜಕಾರ್ಯ ಓದಿದವರು, ಅರ್ಥಶಾಸ್ತ್ರದವರು ಎಲ್ಲರೂ ಕೂರುತ್ತಾರೆ.

ಇನ್ನು ನಿಮ್ಮ ಉದ್ದೇಶ ಪತ್ರ. ಅದರ ಮೊದಲ ಒಂದೂವರೆ ಪುಟವನ್ನು ನೀವು ಆಯುರ್ವೇದದ ಪ್ರಾಚೀನತೆ, ಚರಕ ಸುಶ್ರುತರ ಮಹಿಮೆ ಮತ್ತು ಜಗತ್ತು ಇಂದು ಭಾರತದ ಕಡೆಗೆ ನೋಡುತ್ತಿರುವ ಬಗೆಗೆ ಮೀಸಲಿಟ್ಟಿದ್ದೀರಿ. ಇದನ್ನು ಪ್ರೀತಿಯಿಂದ ಬರೆದಿದ್ದೀರೆಂಬುದು ತಿಳಿಯುತ್ತದೆ, ಆದರೆ ಇದನ್ನು ಯಾರು ಬೇಕಾದರೂ ಬರೆಯಬಹುದು, ಎಲ್ಲರೂ ಬರೆಯುತ್ತಾರೆ. ನೀವೊಬ್ಬರೇ ಬರೆಯಬಹುದಾದದ್ದು ಎರಡನೆಯ ಪುಟದ ಕೊನೆಯಲ್ಲಿ ನಾಲ್ಕು ಸಾಲಿನಲ್ಲಿ ಅಡಗಿದೆ. ಹೊರರೋಗಿ ವಿಭಾಗದಲ್ಲಿ ಕೀಲುನೋವೆಂದು ಬಂದ ಹೆಂಗಸರ ಕೇಸ್‌ಪೇಪರ್ ಬರೆಯುವಾಗ, ಬಿ.ಪಿ. ಮತ್ತು ಸಕ್ಕರೆ ಕಾಯಿಲೆಗೆ ಇಂಗ್ಲಿಷ್ ಔಷಧ ನಡೆದಿದೆಯೆಂದು ಕೆಲವರು ಎದ್ದು ಹೋಗುವ ಹೊತ್ತಿಗೆ ಹೇಳುತ್ತಿದ್ದರು, ಇನ್ನು ಕೆಲವರು ಕಷಾಯ ಕುಡಿಯುತ್ತಿರುವುದನ್ನು ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೆ ಹೇಳಿಯೇ ಇರಲಿಲ್ಲ, ನಿಮ್ಮ ಕೇಸ್‌ಪೇಪರಿನಲ್ಲಿ ಇದನ್ನು ಬರೆದುಕೊಳ್ಳಲು ಜಾಗವೂ ಇರಲಿಲ್ಲ ಎಂದು ಬರೆದಿದ್ದೀರಿ. ಪತ್ರ ಇಲ್ಲಿಂದಲೇ ಶುರುವಾಗಬೇಕು. ಎರಡು ಪದ್ಧತಿಗಳ ಔಷಧಗಳನ್ನು ಒಟ್ಟಿಗೆ ತೆಗೆದುಕೊಳ್ಳುವವರು ಒಂದು ತಾಲ್ಲೂಕಿನಲ್ಲಿ ಎಷ್ಟು ಜನರಿದ್ದಾರೆ, ಯಾರಿಗೂ ಏಕೆ ಹೇಳುವುದಿಲ್ಲ, ಅದರಿಂದ ಯಾರಿಗಾದರೂ ತೊಂದರೆಯಾಗಿದೆಯೇ ಎಂಬುದು ನಿಜವಾದ ಸಾರ್ವಜನಿಕ ಆರೋಗ್ಯದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಸಮೀಕ್ಷೆಯ ವಿಧಾನ, ಸಾಂಕ್ರಾಮಿಕ ರೋಗಶಾಸ್ತ್ರ (ಎಪಿಡೆಮಿಯಾಲಜಿ, ಅಂದರೆ ಜನಸಮುದಾಯದಲ್ಲಿ ರೋಗಗಳು ಯಾರಿಗೆ, ಎಷ್ಟು, ಏಕೆ ಬರುತ್ತವೆಂಬುದರ ಅಧ್ಯಯನ), ಸಂಖ್ಯಾಶಾಸ್ತ್ರ ಬೇಕು, ಅವನ್ನು ಕಲಿಯಲೆಂದೇ ಬರುತ್ತಿದ್ದೇನೆ ಎಂದು ಬರೆದರೆ, ಆಯುರ್ವೇದ ಓದಿದವಳು ಇಲ್ಲಿಗೇಕೆ ಬರುತ್ತಾಳೆಂಬ ಅನುಮಾನ ಓದುವವರಿಗೆ ಬರುವುದೇ ಇಲ್ಲ.

ಅರ್ಜಿ ಹಾಕುವ ಮೊದಲು ಎರಡು ವರ್ಷ ಕೆಲಸ ಮಾಡಿರೆಂದು ನಾನು ಒತ್ತಿ ಹೇಳುತ್ತೇನೆ. ಮನೆಯವರಿಗೆ ಇದು ತಡವೆನಿಸಬಹುದು. ಆದರೆ ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಗಳ, ಅಂದರೆ ಸುಮಾರು ಎರಡು ವರ್ಷಗಳ ಕೆಲಸದ ಅನುಭವ ಕಡ್ಡಾಯ. ಜರ್ಮನಿಯ ಡಾಡ್ (ಡಿ.ಎ.ಎ.ಡಿ.) ಸಂಸ್ಥೆ ಅಭಿವೃದ್ಧಿ ಸಂಬಂಧಿ ಕೋರ್ಸುಗಳಿಗೆ ಕೊಡುವ ವಿದ್ಯಾರ್ಥಿವೇತನವೂ ಪದವಿಯ ನಂತರದ ಎರಡು ವರ್ಷಗಳ ಅನುಭವವನ್ನು ಕೇಳುತ್ತದೆ, ಪದವಿ ಆರು ವರ್ಷಕ್ಕಿಂತ ಹಳೆಯದಾಗಿರಬಾರದೆಂದೂ ಹೇಳುತ್ತದೆ. ಹೀಗಾಗಿ ಇಂಟರ್ನ್‌ಶಿಪ್ ಮುಗಿದು ಎರಡರಿಂದ ಐದು ವರ್ಷದ ಒಳಗಿನ ಕಾಲ ನಿಮಗೆ ಎಲ್ಲಕ್ಕಿಂತ ಅನುಕೂಲದ್ದು.

ಈ ಅನುಭವಕ್ಕಾಗಿ ದೂರ ಹೋಗಬೇಕಾಗಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾದಾಗಿನಿಂದ ಅದರ ಸಂಚಾರಿ ತಂಡಗಳಲ್ಲಿ ಆಯುಷ್ ವೈದ್ಯರಿಗೆ ಸ್ಥಾನವಿದೆ. ಅಂಗನವಾಡಿ ಮತ್ತು ಶಾಲೆಗಳಿಗೆ ಹೋಗಿ ಮಕ್ಕಳನ್ನು ತಪಾಸಿಸಿ, ಹುಟ್ಟುದೋಷ, ಪೌಷ್ಟಿಕಾಂಶದ ಕೊರತೆ, ಬೆಳವಣಿಗೆಯ ಕುಂಠಿತಗಳನ್ನು ಗುರುತಿಸಿ ಮೇಲಿನ ಆಸ್ಪತ್ರೆಗೆ ಕಳಿಸುವ ಆ ಕೆಲಸ ಅಪ್ಪಟ ಸಾರ್ವಜನಿಕ ಆರೋಗ್ಯದ ಕೆಲಸ. ಬೆಳಗಾವಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯೇ ಇದೆ. ಅಲ್ಲಿ ಕರೆಯುವ ಯೋಜನಾ ಹುದ್ದೆಗಳ ಪ್ರಕಟಣೆಗಳನ್ನು ನೋಡುತ್ತಿರಿ. ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಮಹಿಳಾ ಮತ್ತು ಮಕ್ಕಳ ಆರೋಗ್ಯ ಸಂಶೋಧನಾ ಘಟಕವೂ ಇದೆ.

ಆ ಕಾಲೇಜಿನವರು ಅಮೆರಿಕದ ಸಂಶೋಧಕರೊಂದಿಗೆ ಸೇರಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಒಂದು ಅಧ್ಯಯನವನ್ನು ನೀವು ತಿಳಿದಿರಬೇಕು. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯಲು ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ಕಿರಿಯ ಆರೋಗ್ಯ ಸಹಾಯಕಿಯರ ಕೈಯಿಂದ 1,620 ತಾಯಂದಿರ ಪೈಕಿ ಅರ್ಧದಷ್ಟು ಜನರಿಗೆ ಕೊಡಿಸಿ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟು ಹೋಲಿಸಿದರು. ಅತಿ ರಕ್ತಸ್ರಾವದ ಪ್ರಮಾಣ ನೂರಕ್ಕೆ 12ರಿಂದ 6.4ಕ್ಕೆ ಇಳಿದಿತ್ತು. 2006ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಮಾತ್ರೆಯನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನೀವು ಲಂಡನ್ನಿಗೋ ಬಾಸ್ಟನ್ನಿಗೋ ಹೋಗಿ ಕಲಿಯಬೇಕೆಂದಿರುವುದು ಇಂಥದ್ದನ್ನೇ. ಅದು ನಡೆದ ನೆಲದಲ್ಲಿ ಎರಡು ವರ್ಷ ಮಾಹಿತಿ ಸಂಗ್ರಹಿಸಿದವಳಿಗೆ ಅಲ್ಲಿನ ಪ್ರಾಧ್ಯಾಪಕರು ಕೊಡುವ ಗಮನವೇ ಬೇರೆ.

ದೇಶಗಳ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಕೋರ್ಸು ಸಾಮಾನ್ಯವಾಗಿ ಒಂದು ವರ್ಷದ್ದು. ಮುಗಿದ ಮೇಲೆ ಕೆಲಸ ಹುಡುಕಲು ಇರುವ ಎರಡು ವರ್ಷದ ವೀಸಾ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಹದಿನೆಂಟು ತಿಂಗಳಿಗೆ ಇಳಿಯುತ್ತದೆ. ಅಮೆರಿಕದಲ್ಲಿ ಕೋರ್ಸು ಹೆಚ್ಚಾಗಿ ಎರಡು ವರ್ಷದ್ದು, ಖರ್ಚೂ ಹೆಚ್ಚು. ಅಲ್ಲಿ ಸಾರ್ವಜನಿಕ ಆರೋಗ್ಯದ ಕಾಲೇಜುಗಳನ್ನು ಪರಿಶೀಲಿಸುವ ಸಿ.ಇ.ಪಿ.ಎಚ್. ಮಂಡಳಿಯ ಮಾನ್ಯತೆ ಇರುವ ಕಾಲೇಜನ್ನೇ ಆರಿಸಿರಿ. ಓದಿದ ನಂತರ ಒಂದು ವರ್ಷ ಕೆಲಸ ಮಾಡುವ ಅವಕಾಶವಿದ್ದು, ಸಾಂಕ್ರಾಮಿಕ ರೋಗಶಾಸ್ತ್ರ ಅಥವಾ ಜೈವಿಕ ಸಂಖ್ಯಾಶಾಸ್ತ್ರದ ಪದವಿಯಾದರೆ ಇನ್ನೂ ಎರಡು ವರ್ಷ ಸಿಗುತ್ತದೆ. ಸಾಮಾನ್ಯ ಎಂ.ಪಿ.ಎಚ್. (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಆದರೆ ಆ ಹೆಚ್ಚುವರಿ ಅವಧಿ ಇಲ್ಲ. ಕೋರ್ಸಿನ ಹೆಸರು ಒಂದೇ ರೀತಿ ಕಂಡರೂ ಈ ಭೇದವನ್ನು ಪ್ರವೇಶಕ್ಕೆ ಮುಂಚೆಯೇ ವಿಭಾಗಕ್ಕೆ ಬರೆದು ಕೇಳಿ ಖಚಿತಪಡಿಸಿಕೊಳ್ಳಿರಿ.

ಇಂಗ್ಲಿಷ್ ಭಾಷೆಯ ಐ.ಇ.ಎಲ್.ಟಿ.ಎಸ್. ಪರೀಕ್ಷೆಯನ್ನು ಈಗಲೇ ಬರೆಯಬೇಡಿರಿ, ಅದರ ಅಂಕಗಳು ಎರಡೇ ವರ್ಷ ಚಾಲ್ತಿಯಲ್ಲಿರುತ್ತವೆ. ಈಗ ಮಾಡಬೇಕಾದದ್ದು ಕಾಗದಪತ್ರಗಳ ಕೆಲಸ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಮೇಲೆ ತನ್ನ ಹೆಸರು, ಆಮೇಲೆ ತಂದೆಯ ಹೆಸರು ಇರುತ್ತದೆ. ಆಧಾರಿನಲ್ಲಿ ಇದು ತಿರುವುಮುರುವಾಗಿರುತ್ತದೆ, ಪದವಿ ಪತ್ರದಲ್ಲಿ ತಂದೆಯ ಹೆಸರಿನ ಬದಲು ಒಂದೇ ಅಕ್ಷರ ಉಳಿದಿರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಅಡ್ಡಹೆಸರಿನ ಜಾಗದಲ್ಲಿ ಏನನ್ನು ಬರೆಯುತ್ತೀರೋ ಅದು ಎಲ್ಲ ಅರ್ಜಿಗಳಿಗೂ ಮೂಲವಾಗುತ್ತದೆ, ಆದ್ದರಿಂದ ಅಂಕಪಟ್ಟಿಗೆ ಹೊಂದುವಂತೆಯೇ ಬರೆಸಿರಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದ ಕಾಲೇಜಿನವರು ಟ್ರಾನ್ಸ್‌ಕ್ರಿಪ್ಟನ್ನು, ಅಂದರೆ ಓದಿದ ಎಲ್ಲ ವಿಷಯ ಮತ್ತು ಅಂಕಗಳ ಅಧಿಕೃತ ಪಟ್ಟಿಯನ್ನು, ಬೆಂಗಳೂರಿನಿಂದ ತರಿಸಬೇಕು. ಬೆಳಗಾವಿ ಶಹಾಪುರದ ಕೆ.ಎಲ್.ಇ. ಆಯುರ್ವೇದ ಮಹಾವಿದ್ಯಾಲಯದವರು ತಮ್ಮ ಕಾಹೇರ್ ವಿಶ್ವವಿದ್ಯಾಲಯದಿಂದ ಪಡೆಯಬೇಕು. ಪ್ರತಿ ವಿಷಯದ ಬೋಧನಾ ಗಂಟೆಗಳು ಅದರಲ್ಲಿ ಇರುವಂತೆ ನೋಡಿಕೊಳ್ಳಿರಿ. ಸ್ವಸ್ಥವೃತ್ತ ಮತ್ತು ಸಂಶೋಧನಾ ವಿಧಾನ ಹಾಗೂ ವೈದ್ಯಕೀಯ ಸಂಖ್ಯಾಶಾಸ್ತ್ರದ ಅಂಕಗಳು ನಿಮಗೆ ಬಹಳ ಮುಖ್ಯ, ಏಕೆಂದರೆ ವಿಷಯಗಳ ಸಂಸ್ಕೃತ ಹೆಸರುಗಳ ನಡುವೆ ಪರದೇಶದ ವಿಭಾಗದ ಓದಿಗೆ ನೇರವಾಗಿ ಸಂಬಂಧಿಸುವುದು ಅವೇ. ಸ್ವಸ್ಥವೃತ್ತವೆಂದರೆ ರೋಗ ತಡೆ ಮತ್ತು ಸಮುದಾಯ ಆರೋಗ್ಯದ ವಿಷಯವೆಂದು ನಿಮ್ಮ ಪ್ರಾಂಶುಪಾಲರಿಂದ ಒಂದು ವಿವರಣಾ ಪತ್ರ ಪಡೆದು ಜೊತೆಗಿಡಿರಿ.

ಪ್ರಶ್ನೆ: ನಾನು ವಿಜಯಪುರದಲ್ಲಿ ಮೂರನೆಯ ವರ್ಷದ ಬಿ.ಎ.ಎಂ.ಎಸ್. ವಿದ್ಯಾರ್ಥಿ. ಅಮೆರಿಕದ ಯು.ಎಸ್.ಎಂ.ಎಲ್.ಇ. ಅಥವಾ ಬ್ರಿಟನ್ನಿನ ಪ್ಲ್ಯಾಬ್ ಪರೀಕ್ಷೆ ಬರೆದು ಅಲ್ಲಿಯೇ ವೈದ್ಯನಾಗಬಹುದೇ?

ಉತ್ತರ: ಆಗುವುದಿಲ್ಲ. ಎರಡಕ್ಕೂ ಎಂ.ಬಿ.ಬಿ.ಎಸ್. ಅಥವಾ ಅದಕ್ಕೆ ಸಮನಾದ ಪದವಿಯೇ ಬೇಕು. ಆಗುತ್ತದೆಂದು ಹೇಳಿ ತರಬೇತಿಗೆ ಹಣ ಕಟ್ಟಿಸಿಕೊಳ್ಳುವವರಿಂದ ದೂರವಿರಿ.

ಪದವೀಧರರಿಗೆಂದೇ ಇರುವ ನಾಲ್ಕು ವರ್ಷದ ವೈದ್ಯಕೀಯ ಕೋರ್ಸುಗಳು ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾಗಳಲ್ಲಿವೆ, ಅಲ್ಲಿ ಬಿ.ಎ.ಎಂ.ಎಸ್. ಅನ್ನು ಮೊದಲ ಪದವಿಯಾಗಿ ಪರಿಗಣಿಸುವ ಕಾಲೇಜುಗಳೂ ಸಿಗಬಹುದು. ಆದರೆ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದ ಪ್ರಕಾರ ವಿದೇಶದ ವೈದ್ಯಕೀಯ ಓದು ಕನಿಷ್ಠ 54 ತಿಂಗಳಿದ್ದು, ಅದರ ಮೇಲೆ ಹನ್ನೆರಡು ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು. ನಾಲ್ಕು ವರ್ಷವೆಂದರೆ 48 ತಿಂಗಳು. ಅಷ್ಟು ಹಣ ಸುರಿದು ಓದಿ ಬಂದವರು ವಿಜಯಪುರದಲ್ಲಿ ದವಾಖಾನೆ ತೆರೆಯಲು ಆಗುವುದಿಲ್ಲ.

ಆಯುರ್ವೇದ ವೈದ್ಯರಾಗಿಯೇ ಹೊರಗೆ ದುಡಿಯುವ ಇಚ್ಛೆಯಿದ್ದರೆ ಯು.ಎ.ಇ.ಯನ್ನು ನೋಡಿರಿ. ಅಲ್ಲಿ ಪಾರಂಪರಿಕ ವೈದ್ಯದ ವಿಭಾಗದಡಿ ಆಯುರ್ವೇದಕ್ಕೆ ಪರವಾನಗಿ ಇದೆ. ಅನುಭವ, ಪ್ರಮಾಣಪತ್ರಗಳ ಮೂಲ ಪರಿಶೀಲನೆ ಮತ್ತು ಪರೀಕ್ಷೆ ಮೂರೂ ಬೇಕಾಗುತ್ತವೆ. ಸ್ವಿಟ್ಜರ್ಲೆಂಡಿನಲ್ಲಿ 2015ರಿಂದ ನಿಸರ್ಗ ಚಿಕಿತ್ಸಕರಿಗೆ ಸರ್ಕಾರಿ ಡಿಪ್ಲೊಮಾ ಇದ್ದು, ಅದರ ನಾಲ್ಕು ಶಾಖೆಗಳಲ್ಲಿ ಆಯುರ್ವೇದವೂ ಒಂದು. ಆದರೆ ಅಲ್ಲಿನ ಭಾಷೆಯನ್ನು ಚೆನ್ನಾಗಿ ಕಲಿಯದೆ ಅದು ಕೈಗೆಟಕುವುದಿಲ್ಲ.

ಪ್ರಶ್ನೆ: ಇಂಡಿ ತಾಲ್ಲೂಕಿನಲ್ಲಿ ನಮಗೆ ಲಿಂಬೆ ತೋಟ ಸೇರಿ ಆರು ಎಕರೆ ಜಮೀನಿದೆ. ಮಗಳು ಬಿ.ಎ.ಎಂ.ಎಸ್. ಮುಗಿಸಿದ್ದಾಳೆ. ಜರ್ಮನಿಯಲ್ಲಿ ಫೀಯೇ ಇಲ್ಲ, ಓದುತ್ತಲೇ ಆಯುರ್ವೇದ ಪ್ರಾಕ್ಟೀಸು ಮಾಡಬಹುದು, ನಮಗೆ ಮೂರು ಲಕ್ಷ ಕೊಟ್ಟರೆ ಸಾಕು ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಒಂದು ಎಕರೆ ಮಾರಬೇಕೆಂದಿದ್ದೇನೆ. ತಿಳಿದವರು ಸಲಹೆ ಕೊಡಬೇಕು.

ಉತ್ತರ: ಹಿರಿಯರೇ, ಜಮೀನು ಮಾರುವ ಮಾತನ್ನು ಸದ್ಯಕ್ಕೆ ನಿಲ್ಲಿಸಿರಿ. ಏಜೆಂಟರು ಹೇಳಿದ್ದನ್ನು ಒಂದೊಂದಾಗಿ ನೋಡೋಣ.

ಫೀ ಇಲ್ಲವೆಂಬುದು ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳ ಮಟ್ಟಿಗೆ ನಿಜ. ಆದರೆ ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರದೇಶದವರು ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು. ನಿಮ್ಮ ಮಗಳಿಗೆ ಹೊಂದುವಂಥ ಅಂತರರಾಷ್ಟ್ರೀಯ ಆರೋಗ್ಯದ ಕೋರ್ಸುಗಳು ಬರ್ಲಿನ್ನಿನ ಶಾರಿಟೆ ವೈದ್ಯಕೀಯ ವಿಶ್ವವಿದ್ಯಾಲಯದಲ್ಲೂ ಹೈಡೆಲ್‌ಬರ್ಗಿನಲ್ಲೂ ಇವೆ, ಆದರೆ ಅವು ಶುಲ್ಕವಿರುವ ಕೋರ್ಸುಗಳು. ಇದಲ್ಲದೆ ವೀಸಾಕ್ಕಾಗಿ ಒಂದು ವರ್ಷದ ಜೀವನ ವೆಚ್ಚವನ್ನು ಮುಂಚಿತವಾಗಿ ತಡೆಹಿಡಿದ ಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೋ, ಅಂದರೆ ನಮ್ಮ ಲೆಕ್ಕದಲ್ಲಿ 12 ಲಕ್ಷ ರೂಪಾಯಿಯ ಆಸುಪಾಸು. ಈ ಹಣ ಮಗಳದೇ, ತಿಂಗಳಿಗೆ 992 ಯೂರೋದಂತೆ ಅವಳ ಕೈಗೇ ಬರುತ್ತದೆ. ಆದರೆ ಮೊದಲು ಅದು ನಿಮ್ಮಲ್ಲಿರಬೇಕಲ್ಲ. ಏಜೆಂಟರು ಈ ಮಾತನ್ನು ನಿಮಗೆ ಹೇಳಿಯೇ ಇಲ್ಲವೆಂದು ಪತ್ರದಿಂದ ತಿಳಿಯುತ್ತದೆ.

ಓದುತ್ತಲೇ ಪ್ರಾಕ್ಟೀಸು ಮಾಡಬಹುದೆಂಬುದು ದಾರಿ ತಪ್ಪಿಸುವ ಮಾತು. ಜರ್ಮನಿಯಲ್ಲಿ ವೈದ್ಯರಲ್ಲದವರು ಚಿಕಿತ್ಸೆ ನೀಡಬೇಕಾದರೆ 1939ರ ಒಂದು ಕಾಯಿದೆಯಂತೆ ಹೈಲ್‌ಪ್ರಾಕ್ಟಿಕರ್ ಎಂಬ ಅನುಮತಿ ಬೇಕು. ಅದರ ಪರೀಕ್ಷೆಯನ್ನು ಸ್ಥಳೀಯ ಆರೋಗ್ಯ ಕಚೇರಿ ಜರ್ಮನ್ ಭಾಷೆಯಲ್ಲಿ ನಡೆಸುತ್ತದೆ. ವಿದ್ಯಾರ್ಥಿ ವೀಸಾದ ಮೇಲೆ ಹೋದ ಹುಡುಗಿ ಬಂದಿಳಿದ ಮರುದಿನದಿಂದ ಪಂಚಕರ್ಮ ಮಾಡಿ ಗಳಿಸುತ್ತಾಳೆಂಬ ಲೆಕ್ಕದ ಮೇಲೆ ಸಾಲ ಮಾಡಿದರೆ ಆ ಭಾರ ಅವಳ ಮೇಲೇ ಬೀಳುತ್ತದೆ.

ಮೂರು ಲಕ್ಷದ ಕೆಲಸವಾದರೂ ಏನು? ಭಾರತೀಯ ವಿದ್ಯಾರ್ಥಿಗಳ ಪ್ರಮಾಣಪತ್ರಗಳನ್ನು ಎ.ಪಿ.ಎಸ್. ಎಂಬ ಕಚೇರಿ ಪರಿಶೀಲಿಸುವುದು 2022ರ ನವೆಂಬರಿನಿಂದ ಕಡ್ಡಾಯವಾಗಿದೆ. ಆ ಅರ್ಜಿಯನ್ನೂ ವಿಶ್ವವಿದ್ಯಾಲಯದ ಅರ್ಜಿಯನ್ನೂ ವೀಸಾ ಅರ್ಜಿಯನ್ನೂ ವಿದ್ಯಾರ್ಥಿಯೇ ತುಂಬಬಹುದು. ಐದೂವರೆ ವರ್ಷ ವೈದ್ಯಶಾಸ್ತ್ರ ಓದಿದ ನಿಮ್ಮ ಮಗಳಿಗೆ ಇದು ಕಷ್ಟವಲ್ಲ, ಮನೆಯಲ್ಲಿ ಕೂತು ನಿಧಾನವಾಗಿ ಮಾಡಲಿ.

ಇನ್ನು ಸಾಲ. ವಿದ್ಯಾಲಕ್ಷ್ಮಿ ಜಾಲತಾಣದ ಮೂಲಕ ಒಂದಕ್ಕಿಂತ ಹೆಚ್ಚು ಬ್ಯಾಂಕುಗಳಿಗೆ ಅರ್ಜಿ ಹಾಕಬಹುದು. ಬ್ಯಾಂಕುಗಳ ಮಾದರಿ ಯೋಜನೆಯಂತೆ ಏಳೂವರೆ ಲಕ್ಷದ ಮೇಲಿನ ಸಾಲಕ್ಕೆ ಆಸ್ತಿಯ ಅಡಮಾನ ಬೇಕು. ನಮ್ಮ ಭಾಗದ ರೈತರಿಗೆ ತೊಡಕು ಬರುವುದು ಇಲ್ಲಿಯೇ, ಏಕೆಂದರೆ ಆರು ಎಕರೆಯ ಉತಾರ ತೋರಿಸಿದರೂ ಕೃಷಿ ಜಮೀನನ್ನು ವಿದ್ಯಾ ಸಾಲಕ್ಕೆ ಹೆಚ್ಚಿನ ಬ್ಯಾಂಕುಗಳು ಒಪ್ಪುವುದಿಲ್ಲ. ಊರಿನ ಮನೆ, ಎನ್.ಎ. (ಕೃಷಿಯೇತರ) ಆದ ಪ್ಲಾಟು ಅಥವಾ ಠೇವಣಿ ಇದ್ದರೆ ಅದನ್ನು ಮೊದಲು ಕೇಳಿರಿ. ಓದಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲವೆಂದರೂ ಬಡ್ಡಿ ಏರುತ್ತಲೇ ಇರುತ್ತದೆ, ಆಗಾಗ ಬಡ್ಡಿಯನ್ನಷ್ಟೇ ಕಟ್ಟಿದರೂ ಕೊನೆಯಲ್ಲಿ ಹಗುರವಾಗುತ್ತದೆ. ನೀವು ಪರಿಶಿಷ್ಟ ಜಾತಿಗೆ ಸೇರಿದವರಾದರೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವನ್ನು ಮೊದಲು ನೋಡಿರಿ. ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷದೊಳಗಿರಬೇಕು, ಪದವಿಯಲ್ಲಿ ನೂರಕ್ಕೆ 60 ಅಂಕ ಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯೂ ಇದೆ. ವಿಜಯಪುರದ ಇಲಾಖಾ ಕಚೇರಿಗೆ ಮಗಳನ್ನೇ ಕರೆದುಕೊಂಡು ಹೋಗಿ ವಿಚಾರಿಸಿರಿ.

ಪ್ರಶ್ನೆ: ನಾನು ಬೈಲಹೊಂಗಲದಲ್ಲಿ ವೈದ್ಯ. ದ್ರವ್ಯಗುಣದಲ್ಲಿ, ಅಂದರೆ ಔಷಧ ದ್ರವ್ಯಗಳ ಶಾಸ್ತ್ರದಲ್ಲಿ, ಎಂ.ಡಿ. ಆಗಿದೆ. ಅಶ್ವಗಂಧದ ಮೇಲೆ ಯುರೋಪಿನಲ್ಲಿ ಪಿಎಚ್.ಡಿ. ಮಾಡಬೇಕೆಂದು ಹಲವು ಪ್ರಾಧ್ಯಾಪಕರಿಗೆ ಇ-ಮೇಲ್ ಕಳಿಸಿದ್ದೇನೆ. ಒಬ್ಬರೂ ಉತ್ತರಿಸಿಲ್ಲ. ನಮ್ಮ ಶಾಸ್ತ್ರದ ಮೇಲೆ ಅವರಿಗೆ ತಾತ್ಸಾರವೇ?

ಉತ್ತರ: ತಾತ್ಸಾರವೆಂದು ತಿಳಿಯುವ ಮುನ್ನ ನೀವು ಕಳಿಸಿದ ಇ-ಮೇಲನ್ನೇ ಮತ್ತೊಮ್ಮೆ ಓದಿರಿ. ಅದರ ಪ್ರತಿಯನ್ನು ನನಗೂ ಕಳಿಸಿದ್ದೀರಿ. ಎಲ್ಲರಿಗೂ ಒಂದೇ ಒಕ್ಕಣೆ ಹೋಗಿದೆ, ಆ ಪ್ರಾಧ್ಯಾಪಕರು ಯಾವುದರ ಮೇಲೆ ಕೆಲಸ ಮಾಡುತ್ತಾರೆಂಬ ಒಂದು ಸಾಲೂ ಅದರಲ್ಲಿಲ್ಲ. ಅಶ್ವಗಂಧ ಬಲ್ಯ, ರಸಾಯನ, ಅನೇಕ ರೋಗಗಳಿಗೆ ಉಪಯುಕ್ತವೆಂದು ಬರೆದಿದ್ದೀರಿ, ನೀವು ಪರೀಕ್ಷಿಸಲಿರುವ ಪ್ರಶ್ನೆ ಯಾವುದೆಂದು ಬರೆದಿಲ್ಲ.

ಅಲ್ಲಿನವರ ಮನಸ್ಸಿನಲ್ಲಿ ಏನಿದೆಯೆಂದು ನೀವು ತಿಳಿದಿರಬೇಕು. 2004ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತು. ಬಾಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಔಷಧಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿದ್ದವು. ಆಯುರ್ವೇದವೆಂದೊಡನೆ ಹೊರದೇಶದ ಔಷಧ ವಿಜ್ಞಾನಿಗಳು ನೆನೆಯುವ ಅಧ್ಯಯನಗಳಲ್ಲಿ ಇದೂ ಒಂದು. 2023ರಲ್ಲಿ ಡೆನ್ಮಾರ್ಕ್ ಅಶ್ವಗಂಧವನ್ನೇ ನಿಷೇಧಿಸಿತು. ನಮ್ಮಲ್ಲಿ ಇದಕ್ಕೆ ಸಿಟ್ಟಾದವರು ಬಹಳ ಮಂದಿ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಸಂಶೋಧನೆಯ ಪ್ರಶ್ನೆ ಇರುವುದು ಆ ನಿಷೇಧದಲ್ಲಿಯೇ. ನಾವು ಗ್ರಂಥದಂತೆ ಬಳಸುವುದು ಬೇರು, ಮಾರುಕಟ್ಟೆಯ ಕ್ಯಾಪ್ಸೂಲುಗಳಲ್ಲಿ ಇರುವುದು ಸಾಂದ್ರೀಕರಿಸಿದ ಸಾರ, ಕೆಲವದರಲ್ಲಿ ಎಲೆಯೂ ಸೇರುತ್ತದೆ. ಹಾಲಿನಲ್ಲಿ ಶೋಧಿಸಿದ ಬೇರಿನ ಚೂರ್ಣಕ್ಕೂ ಸಾರಕ್ಕೂ ರಾಸಾಯನಿಕ ರಚನೆಯಲ್ಲಿ, ಯಕೃತ್ತಿನ ಮೇಲಾಗುವ ಪರಿಣಾಮದಲ್ಲಿ ಭೇದವಿದೆಯೇ? ದ್ರವ್ಯಗುಣ ಓದಿದ, ಬೇರನ್ನು ಕೈಯಲ್ಲಿ ಹಿಡಿದು ಗುರುತಿಸಬಲ್ಲ ನೀವು ಇದನ್ನು ಕೇಳಿದರೆ, ಸಸ್ಯ ರಸಾಯನಶಾಸ್ತ್ರದ ಪ್ರಯೋಗಾಲಯ ನಡೆಸುವವರು ಕಿವಿಗೊಡುತ್ತಾರೆ. ಅದನ್ನು ಎರಡು ಪುಟದಲ್ಲಿ ಬರೆಯಿರಿ. ಉತ್ತರ ನಮ್ಮ ನಂಬಿಕೆಗೆ ವಿರುದ್ಧವಾಗಿ ಬಂದರೂ ಪ್ರಕಟಿಸುತ್ತೇನೆಂಬ ಧೋರಣೆ ಆ ಎರಡು ಪುಟಗಳಲ್ಲಿ ಕಾಣಬೇಕು. ಎಂ.ಡಿ.ಯ ಪ್ರಬಂಧದಿಂದ ಒಂದು ಲೇಖನವನ್ನಾದರೂ ತಜ್ಞರು ಪರಿಶೀಲಿಸುವ ಪತ್ರಿಕೆಯಲ್ಲಿ ಪ್ರಕಟಿಸಿ, ಆಮೇಲೆ ಪ್ರತಿಯೊಬ್ಬರಿಗೂ ಅವರವರ ಕೆಲಸವನ್ನು ಓದಿ ಬೇರೆ ಬೇರೆಯಾಗಿ ಬರೆಯಿರಿ.

ಪ್ರಶ್ನೆ: ಗೋಕಾಕಿನವಳು, ಬಿ.ಎ.ಎಂ.ಎಸ್. ಆಗಿ ಆರ್.ಬಿ.ಎಸ್.ಕೆ. (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡದಲ್ಲಿ ಮೂರು ವರ್ಷ ದುಡಿದಿದ್ದೇನೆ. ಮದುವೆಯಾಗಿ ಚಿಕ್ಕ ಮಗುವಿದೆ. ಪತಿಯೂ ಅತ್ತೆಯವರೂ ಓದಲು ಒಪ್ಪಿದ್ದಾರೆ. ಪತಿ ಮತ್ತು ಮಗುವನ್ನು ಜೊತೆಗೆ ಕರೆದೊಯ್ಯಬಹುದೇ?

ಉತ್ತರ: ಬ್ರಿಟನ್ನಿಗೆ 2024ರ ಜನವರಿಯಿಂದ ತರಗತಿ ಆಧಾರಿತ ಸ್ನಾತಕೋತ್ತರ ಓದಿಗೆ ಹೋಗುವವರು ಕುಟುಂಬವನ್ನು ಕರೆದೊಯ್ಯುವಂತಿಲ್ಲ, ಪಿಎಚ್.ಡಿ. ಮತ್ತು ಸಂಶೋಧನಾ ಪದವಿಯವರಿಗೆ ಹಾಗೂ ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ ಹೋಗುವವರಿಗೆ ಮಾತ್ರ ಅವಕಾಶವಿದೆ. ಅಮೆರಿಕಕ್ಕೆ ಕರೆದೊಯ್ಯಬಹುದು, ಆದರೆ ಪತಿ ಅಲ್ಲಿ ಕೆಲಸ ಮಾಡುವಂತಿಲ್ಲ. ಕೆನಡಾದಲ್ಲಿ 2025ರ ಜನವರಿ 21ರಿಂದ, ಸ್ನಾತಕೋತ್ತರ ಪದವಿ ಹದಿನಾರು ತಿಂಗಳು ಅಥವಾ ಹೆಚ್ಚಿನ ಅವಧಿಯದಾದರೆ ಪತಿಗೆ ಕೆಲಸದ ಅನುಮತಿ ಸಿಗುತ್ತದೆ. ಆದ್ದರಿಂದ ಕೆನಡಾದಲ್ಲಿ ಕೋರ್ಸು ಆರಿಸುವಾಗ ಒಂದು ವರ್ಷದ್ದನ್ನು ಬಿಟ್ಟು ಎರಡು ವರ್ಷದ್ದನ್ನು ನೋಡಿರಿ. ಒಂದೇ ವರ್ಷದ ಓದು ಸಾಕೆನಿಸಿದರೆ ಬ್ರಿಟನ್ ಸರ್ಕಾರದ್ದೇ ಆದ ಚೀವ್ನಿಂಗ್ ವಿದ್ಯಾರ್ಥಿವೇತನ ನಿಮಗೆ ಚೆನ್ನಾಗಿ ಹೊಂದುತ್ತದೆ. ನಿಮ್ಮ ಮೂರು ವರ್ಷದ ಕೆಲಸ ಅದಕ್ಕೆ ಬೇಕಾದ ಅನುಭವಕ್ಕಿಂತ ಹೆಚ್ಚೇ ಆಗುತ್ತದೆ, ಓದಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ಅದರ ಕರಾರೂ ನಿಮಗೆ ಅಡ್ಡಿಯಾಗಲಾರದು. ಅರ್ಜಿ ಸಾಮಾನ್ಯವಾಗಿ ಆಗಸ್ಟಿನಲ್ಲಿ ತೆರೆದು ಅಕ್ಟೋಬರಿನಲ್ಲಿ ಮುಚ್ಚುತ್ತದೆ. ನೀವು ತಪಾಸಿಸಿದ ಶಾಲೆ ಮತ್ತು ಅಂಗನವಾಡಿಗಳ ವಿವರ, ಮುಂದಿನ ಚಿಕಿತ್ಸೆಗೆ ಕಳಿಸಿದ ಮಕ್ಕಳ ಸಂಖ್ಯೆ, ಅವರಲ್ಲಿ ಎಷ್ಟು ಮಂದಿ ಜಿಲ್ಲಾ ಆಸ್ಪತ್ರೆಯನ್ನು ನಿಜವಾಗಿ ತಲುಪಿದರು ಎಂಬ ಲೆಕ್ಕವನ್ನು ಜುಲೈ ಒಳಗೆ ತಾಲ್ಲೂಕು ಆರೋಗ್ಯಾಧಿಕಾರಿಗಳ ಅನುಮತಿ ಪಡೆದು ಒಂದೆಡೆ ಬರೆದಿಟ್ಟುಕೊಳ್ಳಿರಿ, ಮತ್ತು ಶಿಫಾರಸು ಪತ್ರವನ್ನೂ ಅವರನ್ನೇ ಕೇಳಿರಿ.